ಜೊತೆಗೆ ಹೋಗುವವರು ಬೇಕಾಗಿದ್ದಾರೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೆಂಗಳೂರಿನ ಸಮುದಾಯ ಸೇವಾ ಸಂಸ್ಥೆಗಳಲ್ಲಿ ಸ್ವಯಂಸೇವೆ ಮಾಡುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ. ವೃದ್ಧರು, ಅಂಗವಿಕಲರು, ಮಕ್ಕಳು, ಬೀದಿಯಲ್ಲಿ ಬದುಕುವವರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರು ಉತ್ತರಿಸಿದ್ದಾರೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ವಾರದಲ್ಲಿ ಮೂರು ದಿನ ಬೆಳಗ್ಗೆ ಬಿಡುವಿರುತ್ತದೆ. ಸಂಸ್ಥೆಗಳಲ್ಲಿ ಕೇಳಿದರೆ ದೇಣಿಗೆ ಕೊಡಿ ಎನ್ನುತ್ತಾರೆ, ಇಲ್ಲವೇ ಹಬ್ಬದ ದಿನ ಊಟ ಬಡಿಸಲು ಕರೆಯುತ್ತಾರೆ. ನನ್ನ ಅನುಭವಕ್ಕೆ ತಕ್ಕ ಕೆಲಸ ಇಲ್ಲವೇ?
*ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವನಗುಡಿ*

ಬೇಕಾದಷ್ಟಿದೆ. ಊಟ ಬಡಿಸಲು ಜನ ಸಿಗುತ್ತಾರೆ. ಒಬ್ಬ ಅಜ್ಜಿಯ ಜೊತೆ ನಾಡಕಚೇರಿಗೋ ಬ್ಯಾಂಕಿಗೋ ಹೋಗಿ, ಕೆಲಸ ಮುಗಿಯುವ ತನಕ ಕೂತು, ಆಗದಿದ್ದರೆ ಮರುವಾರ ಮತ್ತೆ ಹೋಗುವವರು ಸಿಗುವುದಿಲ್ಲ. ಸಂಸ್ಥೆಯ ಸಮಾಜ ಕಾರ್ಯಕರ್ತರ ಕೈಯಲ್ಲಿ ಒಂದೇ ಸಲಕ್ಕೆ ಹತ್ತಾರು ಕುಟುಂಬಗಳ ಕೆಲಸ ಇರುತ್ತದೆ. ಒಬ್ಬರಿಗಾಗಿ ಅರ್ಧ ದಿನ ಕಳೆಯಲು ಅವರಿಗೆ ಆಗದು. ನಿಮಗೆ ಆಗುತ್ತದೆ.

ಆದರೆ ಸಂಸ್ಥೆಗೆ ಹೋಗಿ "ಏನಾದರೂ ಕೆಲಸ ಇದ್ದರೆ ಹೇಳಿ" ಎಂದರೆ ಅವರಿಗೂ ಏನು ಹೇಳಬೇಕೆಂದು ತೋಚುವುದಿಲ್ಲ. "ಮಂಗಳವಾರ, ಗುರುವಾರ ಹತ್ತರಿಂದ ಒಂದು ಗಂಟೆವರೆಗೆ ಬರುತ್ತೇನೆ. ಆರು ತಿಂಗಳು ತಪ್ಪಿಸುವುದಿಲ್ಲ. ಮಾಸಾಶನ, ಬ್ಯಾಂಕ್ ಖಾತೆ, ಆಧಾರ್ ಕೆಲಸ ನನಗೆ ಕೊಡಿ" ಎನ್ನಿ. ಮೂರು ದಿನ ಬಿಡುವಿದ್ದರೂ ಎರಡೇ ದಿನ ಒಪ್ಪಿಕೊಳ್ಳಿ. ಸರ್ವರ್ ಡೌನ್ ಆಗಿಯೋ, ಅಧಿಕಾರಿ ರಜೆಯಲ್ಲಿದ್ದೋ ಉಳಿದ ಕೆಲಸಕ್ಕೆ ಮೂರನೇ ದಿನ ಖಂಡಿತ ಬೇಕಾಗುತ್ತದೆ.

ನಿಮ್ಮ ಬಳಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಮಾತಿನವು: "ದುಡ್ಡು ಬರ್ತಿಲ್ಲ ಸಾರ್." 65 ದಾಟಿದವರ ಸಂಧ್ಯಾ ಸುರಕ್ಷಾ ಇರಲಿ, ವಿಧವಾ ವೇತನವಿರಲಿ, ಗೃಹಲಕ್ಷ್ಮಿಯ 2,000 ರೂಪಾಯಿ ಇರಲಿ, ಹುಡುಕುವ ದಾರಿ ಒಂದೇ.

ಮೊದಲು ಮಂಜೂರಾತಿ ಆದೇಶದ ಪ್ರತಿ ಇದೆಯೇ ನೋಡಿ. ಅರ್ಜಿ ಹಾಕಿದ್ದನ್ನೇ ಮಂಜೂರಾಯಿತು ಎಂದು ತಿಳಿದವರು ಬಹಳ ಮಂದಿ. ಆದೇಶ ಇದ್ದೂ ಹಣ ಕಾಣದಿದ್ದರೆ, ಅದು ಬೇರೆ ಖಾತೆಗೆ ಹೋಗುತ್ತಿರಬಹುದು. ಆಧಾರ್ ಆಧಾರಿತ ಪಾವತಿಯಲ್ಲಿ ಪಾಸ್‌ಬುಕ್ಕಿನ ಖಾತೆ ಸಂಖ್ಯೆ ಲೆಕ್ಕಕ್ಕೆ ಬರುವುದಿಲ್ಲ. ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್ ಸಂಖ್ಯೆಗೆ ಯಾವ ಬ್ಯಾಂಕ್ ಎಂದು ಹೇಳುವ ಪಟ್ಟಿ) ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ಯಾವಾಗಲೋ ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳೊತ್ತಿಸಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಅಜ್ಜಿಯ ತಿಂಗಳುಗಟ್ಟಲೆಯ ಹಣ ಹಾಗೇ ಕೂತಿರುವುದುಂಟು. "ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕಿನವರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಖಾತೆಗೆ ಆಧಾರ್ ಸಂಖ್ಯೆ ದಾಖಲಾಗಿರುವುದು ಒಂದು, ಡಿಬಿಟಿಗೆ, ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರಲು, ಮ್ಯಾಪಿಂಗ್ ಆಗಿರುವುದು ಇನ್ನೊಂದು. ಈ ವ್ಯತ್ಯಾಸ ನಿಮಗೆ ಗೊತ್ತಿರುತ್ತದೆ, ಅಜ್ಜಿಗೆ ಗೊತ್ತಿರುವುದಿಲ್ಲ. ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದರೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ತೋರಿಸುತ್ತದೆ. ಅದಕ್ಕೆ ಆಧಾರ್‌ಗೆ ಸೇರಿಸಿದ ಮೊಬೈಲಿಗೆ ಬರುವ ಒಟಿಪಿ ಬೇಕು. ಆ ನಂಬರು ಎಂದೋ ಊರು ಬಿಟ್ಟ ಮಗನದ್ದಾಗಿದ್ದರೆ ಮೊದಲು ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಮೊಬೈಲ್ ನಂಬರು ಬದಲಿಸಬೇಕು. ಅದಕ್ಕೆ ಅಜ್ಜಿಯೇ ಬಂದು ಬೆರಳಚ್ಚು ಕೊಡಬೇಕು, ಬೇರೆ ದಾಖಲೆ ಬೇಕಿಲ್ಲ.

ಮುಂದಿನ ತೊಡಕು ಹೆಸರಿನದು. ಪಡಿತರ ಚೀಟಿಯಲ್ಲಿ ವೆಂಕಟಮ್ಮ, ಆಧಾರ್‌ನಲ್ಲಿ ವೆಂಕಟಲಕ್ಷ್ಮಮ್ಮ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಬೇರೆ. ಎಲ್ಲವನ್ನೂ ತಿದ್ದಿಸಲು ಹೊರಡಬೇಡಿ. ಆಧಾರ್‌ನಲ್ಲಿ ಇರುವ ಹೆಸರು ಸರಿಯಿದ್ದರೆ ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದಿಸುವುದು ಕೊನೆಯ ದಾರಿ, ಏಕೆಂದರೆ ಅದನ್ನು ಬದಲಿಸಿದ ಕೂಡಲೇ ಉಳಿದ ಕಡೆಯೆಲ್ಲ ಮತ್ತೆ ತಾಳೆ ತಪ್ಪುತ್ತದೆ.

ಮನೆಗೆಲಸ, ಗಾರೆ ಕೆಲಸ ಮಾಡಿದವರ ಬೆರಳ ಗೆರೆ ಸವೆದಿರುತ್ತದೆ. ಯಂತ್ರ ಒಪ್ಪದಿದ್ದರೆ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಪೂರ್ತಿ ಒಣಗಿಸಿ, ಬೇರೆ ಬೆರಳು ಇಡಿಸಿ. ಅದೂ ಆಗದಿದ್ದರೆ ಕಣ್ಣಿನ ಪಾಪೆಯ ಅಥವಾ ಮುಖದ ದೃಢೀಕರಣದ ಸೌಲಭ್ಯ ಇದೆಯೇ ಕೇಳಿ. ಹಾಸಿಗೆ ಹಿಡಿದವರಿಗಾದರೆ ನಿಮ್ಮ ವೃತ್ತಿಯ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಸಹಿ ಹಾಕಲಾಗದ ಗ್ರಾಹಕರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳು ಗುರುತಿಸಿದರೆ ಹಣ ತೆಗೆಯಬಹುದು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಇದನ್ನು ಶಾಖೆಯಲ್ಲಿ ಅಧಿಕಾರದಿಂದ ಕೇಳಬಲ್ಲ ಒಬ್ಬರು ಜೊತೆಗಿದ್ದರೆ ಎಷ್ಟೋ ಕುಟುಂಬಗಳು ಉಸಿರಾಡುತ್ತವೆ.

ಹೊಸ ಅರ್ಜಿ ಹಾಕಿದಾಗ, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಯೋಜನೆಯ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಲು ಅದೇ ಆಧಾರ. ಸಂಖ್ಯೆಯನ್ನು ಸಂಸ್ಥೆಯ ರಿಜಿಸ್ಟರಿನಲ್ಲೂ ಬರೆಯಿರಿ, ಅಜ್ಜಿಯ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲೂ ಬರೆದುಕೊಡಿ. ಮೂಲ ದಾಖಲೆ ಒಂದು ರಾತ್ರಿಯೂ ನಿಮ್ಮ ಮನೆಯಲ್ಲಿ ಇರಬಾರದು. ಜೆರಾಕ್ಸ್ ಪ್ರತಿಯ ಮೇಲೆ ಅಡ್ಡಲಾಗಿ "ಸಂಧ್ಯಾ ಸುರಕ್ಷಾ ಅರ್ಜಿಗೆ ಮಾತ್ರ" ಎಂದು ದಿನಾಂಕದೊಂದಿಗೆ ಬರೆಸಿ. ಫೋನಿನಲ್ಲಿ ತೆಗೆದ ಆಧಾರ್ ಫೋಟೋವನ್ನು ಕೆಲಸ ಮುಗಿದ ದಿನವೇ ಅಳಿಸಿ. ಎಟಿಎಂ ಪಿನ್ ಅವರಾಗಿಯೇ ಹೇಳಲು ಬಂದರೂ ಕೇಳಿಸಿಕೊಳ್ಳಬೇಡಿ.

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವವರು ಬೇಕು ಎಂದು ಕೇಳಿದೆ. ನನ್ನಂಥ ಗೃಹಿಣಿ ಮಾಡಬಹುದೇ? ಹೇಗೆ ತಯಾರಾಗಬೇಕು?
*ಓದುಗರು, ಜಯನಗರ*

ಖಂಡಿತ ಮಾಡಬಹುದು. ಪಿಯುಸಿ ಎಂದು ಸಂಕೋಚಪಡಬೇಡಿ, ಇಲ್ಲಿ ಅದೇ ಅನುಕೂಲ. ಅಭ್ಯರ್ಥಿಯೇ ಬರಹಗಾರರನ್ನು ಕರೆತಂದರೆ, ಆ ಬರಹಗಾರರ ಓದು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಎಂದಿತ್ತು 2018ರ ಕೇಂದ್ರದ ಮಾರ್ಗಸೂಚಿ; 2025ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಹಳೆಯ ಲೆಕ್ಕದಲ್ಲಿ ಬಿ.ಎ., ಬಿ.ಕಾಂ. ಓದುವವರಿಗೆ ನೀವು ಸರಿಹೊಂದುತ್ತೀರಿ. ಅದೇ ಪದವೀಧರರು ಬಂದರೆ ಅವರನ್ನು ಪದವಿ ವಿದ್ಯಾರ್ಥಿಗೆ ಕೊಡಲಾಗುತ್ತಿರಲಿಲ್ಲ. ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯಗಳು ತಮ್ಮದೇ ನಿಬಂಧನೆಯನ್ನೂ ಇಟ್ಟಿರುತ್ತವೆ. ಪ್ರತಿ ಪರೀಕ್ಷೆಗೂ ಕೇಳಿ ಖಚಿತಪಡಿಸಿಕೊಳ್ಳಿ. ಎಚ್.ಎಸ್.ಆರ್. ಬಡಾವಣೆಯ ಸಮರ್ಥನಂ, ಮಿತ್ರಜ್ಯೋತಿ ಸಂಸ್ಥೆಗಳಲ್ಲಿ ಹೆಸರು ಕೊಡಬಹುದು. ಇಂಗ್ಲಿಷಿನಲ್ಲಿ ಬರೆಯುವವರು ಸಿಗುತ್ತಾರೆ, ಕನ್ನಡದಲ್ಲಿ ಒತ್ತಕ್ಷರ ತಪ್ಪದೆ ವೇಗವಾಗಿ ಬರೆಯುವವರಿಗೆ ತುಂಬ ಕೊರತೆ ಇದೆ.

ಸಮಯದ ಲೆಕ್ಕ ಮೊದಲು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡುತ್ತಾರೆ, ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಯಾಗುತ್ತದೆ. ಎಷ್ಟೋ ವರ್ಷದಿಂದ ದಿನಸಿ ಪಟ್ಟಿಗಿಂತ ಉದ್ದದ್ದು ಬರೆಯದ ಕೈ ಎರಡನೇ ಗಂಟೆಗೇ ಸೋಲುತ್ತದೆ. ಹದಿನೈದು ದಿನ ಮುಂಚಿನಿಂದ ಮನೆಯಲ್ಲಿ ಯಾರಾದರೂ ಪತ್ರಿಕೆಯ ಸಂಪಾದಕೀಯ ಓದಲಿ, ನೀವು ಬರೆಯಿರಿ. ದಿನಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಅಭ್ಯರ್ಥಿಯ ಜೊತೆ ಒಮ್ಮೆಯಾದರೂ ಕೂತು ಹಳೆಯ ಪ್ರಶ್ನೆಪತ್ರಿಕೆಯ ಎರಡು ಉತ್ತರ ಬರೆದು ನೋಡಿ. ಅವಳು ಎಷ್ಟು ವೇಗವಾಗಿ ಹೇಳುತ್ತಾಳೆ, "ಫುಲ್‌ಸ್ಟಾಪ್", "ಹೊಸ ಪ್ಯಾರಾ" ಎಂದು ಬಾಯಲ್ಲಿ ಹೇಳುತ್ತಾಳೋ ಇಲ್ಲವೋ, ಯೋಚಿಸುವಾಗ ಮೌನವಾಗುತ್ತಾಳೋ ಗೊಣಗುತ್ತಾಳೋ ಗೊತ್ತಾಗಬೇಕು. ಗೊಣಗಿದ್ದನ್ನೆಲ್ಲ ಬರೆದು ಆಮೇಲೆ ಹೊಡೆದುಹಾಕುತ್ತಾ ಕೂತರೆ ಇಬ್ಬರಿಗೂ ಕಷ್ಟ. "ಬರಿ" ಎಂದು ಅವಳು ಹೇಳಿದ ಮೇಲೆ ಮಾತ್ರ ಪೆನ್ನು ಓಡಿಸುವ ಒಪ್ಪಂದ ಮಾಡಿಕೊಳ್ಳಿ.

ಪರೀಕ್ಷೆಯ ದಿನ ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ. ಆಧಾರ್ ಪ್ರತಿ, ಅಂಕಪಟ್ಟಿಯ ಪ್ರತಿ, ಎರಡು ಫೋಟೋ, ಒಂದೇ ಬಣ್ಣದ ಮೂರು ಪೆನ್ನು ಚೀಲದಲ್ಲಿರಲಿ. ನೋಂದಣಿ ಸಂಖ್ಯೆಯನ್ನು ಅವಳ ಬಾಯಿಂದ ಒಂದೊಂದೇ ಅಂಕಿಯಾಗಿ ಹೇಳಿಸಿ ಬರೆಯಿರಿ, ಪ್ರವೇಶಪತ್ರದ ಜೊತೆ ತಾಳೆ ನೋಡಿ, ಓದಿ ಹೇಳಿ. ಉತ್ತರ ಶುರುಮಾಡುವ ಮೊದಲು ಪತ್ರಿಕೆಯನ್ನು ಪೂರ್ತಿ ಒಮ್ಮೆ ಓದಿ. ಭಾಗ, ಅಂಕ, "ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ" ಎಂಬ ಸೂಚನೆ, ಪ್ರಶ್ನೆಗಳ ನಡುವಿನ "ಅಥವಾ", ಎಲ್ಲವನ್ನೂ. ಅತಿ ಹೆಚ್ಚು ಅಂಕ ಹೋಗುವುದು ಈ "ಅಥವಾ" ಓದದೆ ಬಿಟ್ಟಾಗ. ಎದುರಿಗಿರುವವಳು ಪತ್ರಿಕೆಯ ಮೇಲೆ ಕಣ್ಣಾಡಿಸಲಾರಳು, ನೀವು ಓದಿದ್ದಷ್ಟೇ ಅವಳ ಪಾಲಿನ ಪ್ರಶ್ನೆಪತ್ರಿಕೆ.

ಆಯ್ಕೆ ಇರುವ ಪ್ರಶ್ನೆಗಳಲ್ಲಿ ನಾಲ್ಕೂ ಆಯ್ಕೆಯನ್ನು ಒಂದೇ ಧಾಟಿಯಲ್ಲಿ ಓದಿ. ಸರಿ ಉತ್ತರ ಬಂದಾಗ ದನಿ ಏರುವುದು, ತಪ್ಪು ಹೇಳಿದಾಗ "ಹೌದಾ?" ಎನ್ನುವುದು ನಕಲಿಗೆ ಸಮ. ಅವಳು ತಪ್ಪು ಇಸವಿ ಹೇಳಿದರೆ ತಪ್ಪು ಇಸವಿಯನ್ನೇ ಬರೆಯಬೇಕು. ವಾಕ್ಯ ಸೊಟ್ಟಗಿದ್ದರೆ ನೆಟ್ಟಗೆ ಮಾಡಬಾರದು. ಕರುಣೆಯಿಂದ ಉತ್ತರ ತಿದ್ದುವವರಿಂದಲೇ ಈ ವ್ಯವಸ್ಥೆಯ ಮೇಲೆ ಅನುಮಾನ ಹುಟ್ಟುತ್ತದೆ, ಮುಂದಿನ ವರ್ಷದ ಮಕ್ಕಳು ಅದರ ಫಲ ಉಣ್ಣುತ್ತಾರೆ. ಭಾಷಾ ಪತ್ರಿಕೆಯಲ್ಲಿ ಪದವೊಂದರ ಬಗ್ಗೆ ಸಂಶಯ ಬಂದರೆ ಶಕಾರವೋ ಷಕಾರವೋ ಎಂದು ಅವಳನ್ನೇ ಕೇಳಿ. ಅರ್ಧ ಗಂಟೆಗೊಮ್ಮೆ ಸಮಯ ಹೇಳಿ. ಅವಳು ನಿಲ್ಲಿಸಿ ಮತ್ತೆ ಶುರುಮಾಡುವಾಗ ಕೊನೆಯ ವಾಕ್ಯ ಓದಿ ಹೇಳಿ.

ಕೊನೆಗಳಿಗೆಯಲ್ಲಿ ಕೈಕೊಡುವುದೇ ಇಲ್ಲಿ ದೊಡ್ಡ ಅಪಾಯ. ಬೆಳಗ್ಗೆ ಜ್ವರ ಬಂದಿದ್ದರೆ ಆರು ಗಂಟೆಗೇ ಸಂಯೋಜಕರಿಗೆ ಫೋನ್ ಮಾಡಿ, ಬದಲಿ ಹುಡುಕಲು ಸಮಯವಿರುತ್ತದೆ. ಒಂಬತ್ತಕ್ಕೆ ಹೇಳಿದರೆ ಒಬ್ಬ ಹುಡುಗಿಯ ಪರೀಕ್ಷೆಯೇ ಹೋಗುತ್ತದೆ.

ಪ್ರಶ್ನೆ: ನಮ್ಮ ಮಗನ ಐದನೇ ಹುಟ್ಟುಹಬ್ಬವನ್ನು ಅನಾಥಾಶ್ರಮದಲ್ಲಿ ಕೇಕ್ ಕತ್ತರಿಸಿ ಮಾಡಬೇಕೆಂದಿದ್ದೇವೆ. ಆಮೇಲೆ ಅಲ್ಲೇ ಪಾಠ ಹೇಳಿಕೊಡುವ ಆಸೆಯೂ ಇದೆ.
*ಓದುಗರು, ಮಲ್ಲೇಶ್ವರ*

ಪಾಠದ ಆಸೆ ಉಳಿಸಿಕೊಳ್ಳಿ, ಕೇಕಿನದ್ದು ಬಿಡಿ ಎಂದು ನೇರವಾಗಿ ಹೇಳುತ್ತೇವೆ. ತಂದೆತಾಯಿ ಜೊತೆಗಿಲ್ಲದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಂದೆತಾಯಿಯ ನಡುವೆ ನಿಂತ ಒಂದು ಮಗುವಿಗೆ ಚಪ್ಪಾಳೆ ತಟ್ಟಿಸುವುದು ಆ ಮಕ್ಕಳಿಗೆ ಹೇಗನಿಸುತ್ತದೆ ಎಂದು ಯೋಚಿಸಿ. ಕೊಡಬೇಕೆಂದಿದ್ದರೆ ಮಗನ ಹೆಸರಿನಲ್ಲಿ, ಅಧೀಕ್ಷಕರಿಂದ ಅಳತೆ ಪಡೆದು, ಶಾಲೆ ಶುರುವಾಗುವ ಮುಂಚೆ ಮೇ ತಿಂಗಳಲ್ಲಿ ಶೂ, ಸಾಕ್ಸ್ ಕೊಡಿಸಿ. ಎಲ್ಲರಿಗೂ ಒಂದೇ ತರಹದ್ದು, ಒಂದೂ ಕಡಿಮೆಯಾಗದಂತೆ.

ಫೋಟೋ ವಿಷಯ ಗಂಭೀರ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಬಹಿರಂಗಪಡಿಸುವುದು ಅಪರಾಧ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ವಾಟ್ಸಾಪ್ ಸ್ಟೇಟಸ್ಸಿಗೂ ಹಾಕುವಂತಿಲ್ಲ.

ಪಾಠಕ್ಕೆ ಹೋಗುವುದಾದರೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳುತ್ತಾರೆ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಕೇಳದೆ ಮೊದಲ ದಿನವೇ ಮಕ್ಕಳ ಕೋಣೆಗೆ ಬಿಟ್ಟುಕೊಳ್ಳುವ ಸಂಸ್ಥೆಯಾದರೆ ನೀವೇ ಹಿಂದೆ ಸರಿಯಿರಿ. ಒಂದೇ ವಿಷಯ, ವಾರದಲ್ಲಿ ಗೊತ್ತಾದ ಒಂದೇ ದಿನ, ಒಂದೇ ಹೊತ್ತು, ಕನಿಷ್ಠ ಒಂದು ಶೈಕ್ಷಣಿಕ ವರ್ಷ. ಬಂದು ಹೋಗುವ ಅಕ್ಕಂದಿರನ್ನು ಈ ಮಕ್ಕಳು ಸಾಕಷ್ಟು ನೋಡಿರುತ್ತಾರೆ. ಬಾಗಿಲು ತೆರೆದಿರುವ ಕಡೆ ಪಾಠ ಮಾಡಿ, ಒಂದು ಮಗುವಿನ ಜೊತೆ ಒಬ್ಬರೇ ಇರಬೇಡಿ. ನಿಮ್ಮ ಫೋನ್ ನಂಬರು ಕೊಡಬೇಡಿ, "ನಮ್ಮ ಮನೆಗೆ ಕರ್ಕೊಂಡು ಹೋಗ್ತೀನಿ" ಎಂಬ ಮಾತು ತಮಾಷೆಗೂ ಆಡಬೇಡಿ. ಮನೆಯವರು ಏನಾದರು ಎಂದು ಕೆದಕಿ ಕೇಳಬೇಡಿ.

ಮಗು ತಾನಾಗಿ ಲೈಂಗಿಕ ಕಿರುಕುಳದ ಮಾತು ಹೇಳಿದರೆ ಅಡ್ಡ ಪ್ರಶ್ನೆ ಹಾಕದೆ ಕೇಳಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಅದು ಆಡಿದ ಮಾತನ್ನೇ ಅದೇ ದಿನ ಬರೆದಿಡಿ. ಪೋಕ್ಸೊ ಕಾಯ್ದೆಯಲ್ಲಿ, ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸ್ವಯಂಸೇವಕರೂ ಅದಕ್ಕೆ ಹೊರತಲ್ಲ. ದೂರು ಸಂಸ್ಥೆಯವರ ಮೇಲೇ ಇದ್ದರೆ ಅವರಿಗೆ ಹೇಳಿ ಸುಮ್ಮನಾಗದೆ ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಕರೆ ಮಾಡಿ.

ಪ್ರಶ್ನೆ: ವಿಟಿಯು ಆಕ್ಟಿವಿಟಿ ಪಾಯಿಂಟ್ಸ್‌ಗೆ ಸೇವೆ ಮಾಡಬೇಕು. ಬೇಗ ಸರ್ಟಿಫಿಕೇಟ್ ಸಿಗುವ ಕಡೆ ಯಾವುದು?
*ಎಂಜಿನಿಯರಿಂಗ್ ವಿದ್ಯಾರ್ಥಿ, ಕೆಂಗೇರಿ*

ಬೇಗ ಕೊಡುವ ಕಡೆಗೆ ಹೋಗಬೇಡಿ. ನಾಲ್ಕು ವರ್ಷದಲ್ಲಿ 100 ಪಾಯಿಂಟ್ ಆಗಬೇಕು, ಕೊನೆಯ ಸೆಮಿಸ್ಟರಿಗೆ ಎಲ್ಲವನ್ನೂ ಉಳಿಸಿಕೊಂಡವರು ಸುಳ್ಳು ಪತ್ರ ಹುಡುಕುವಂತಾಗುತ್ತದೆ. ಎರಡನೇ ವರ್ಷದಲ್ಲೇ ಒಂದು ಸಂಸ್ಥೆ ಹಿಡಿಯಿರಿ. ನಿಮ್ಮ ಕಾಲೇಜಿನ ಮೆಂಟರ್‌ಗೆ ಯಾವ ನಮೂನೆಯ ವರದಿ ಬೇಕು ಎಂದು ಮೊದಲೇ ಕೇಳಿ, ಅದನ್ನು ಮೊದಲ ದಿನವೇ ಸಂಸ್ಥೆಗೆ ತೋರಿಸಿ. ಪ್ರತಿ ಭೇಟಿಯ ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಬರೆದು ಅಲ್ಲೇ ಸಹಿ ಹಾಕಿಸಿಕೊಳ್ಳಿ. ಆರು ತಿಂಗಳು ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ನಿಮ್ಮಿಂದ ಆಗುವ ಕೆಲಸವೂ ಇದೆ: ಅಂಗವಿಕಲರ ಯುಡಿಐಡಿ (ವಿಶಿಷ್ಟ ಗುರುತಿನ ಚೀಟಿ) ಅರ್ಜಿಯನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ತುಂಬಿಸುವುದು. ಫೋಟೋ, ಸಹಿಯ ಫೈಲ್ ಗಾತ್ರ ಮೀರಿ ತಿರಸ್ಕಾರವಾಗುವುದನ್ನು ನೀವು ಎರಡು ನಿಮಿಷದಲ್ಲಿ ಸರಿಮಾಡುತ್ತೀರಿ, ಬೇರೆಯವರು ಅದಕ್ಕಾಗಿ ಸೈಬರ್ ಸೆಂಟರಿಗೆ ದುಡ್ಡು ಕೊಟ್ಟು ಅಲೆಯುತ್ತಾರೆ.

ಪ್ರಶ್ನೆ: ಮುಂದಿನ ತಿಂಗಳು ಮಗಳ ಮದುವೆ. ಛತ್ರದಲ್ಲಿ ಉಳಿದ ಅಡುಗೆಯನ್ನು ನಿರಾಶ್ರಿತರ ತಂಗುದಾಣಕ್ಕೆ ಕೊಡಬೇಕೆಂದಿದ್ದೇವೆ. ಹೇಗೆ?
*ಓದುಗರು, ರಾಜಾಜಿನಗರ*

ಮದುವೆಯ ಹಿಂದಿನ ವಾರವೇ ತಂಗುದಾಣಕ್ಕೆ ಫೋನ್ ಮಾಡಿ ಎಷ್ಟು ಜನ ಇದ್ದಾರೆ, ಎಷ್ಟು ಹೊತ್ತಿಗೆ ಊಟ ಎಂದು ಕೇಳಿ. ಒಬ್ಬರಿಗೆ 300ರಿಂದ 350 ಗ್ರಾಂ ಅನ್ನ, 150 ಮಿಲಿಲೀಟರ್ ಸಾಂಬಾರು ಲೆಕ್ಕ. 50 ಜನರಿಗೆ 16–17 ಕೆ.ಜಿ. ಅನ್ನ, ಎಂಟು ಲೀಟರ್ ಸಾಂಬಾರು ಸಾಕು. ಇನ್ನೂರು ಜನರ ಅಡುಗೆಯನ್ನು ಅಲ್ಲಿ ಇಳಿಸಿ ಬಂದರೆ ಅವರೇ ಅದನ್ನು ಕಸಕ್ಕೆ ಸಾಗಿಸಬೇಕಾಗುತ್ತದೆ.

ಪಂಕ್ತಿಗೆ ಹೋಗಿಬಂದ ಬಕೆಟ್ಟಿನದ್ದು ಬೇಡ. ಅಡುಗೆಮನೆಯ ಪಾತ್ರೆಯಲ್ಲಿ ಮುಚ್ಚಿಟ್ಟದ್ದು ಮಾತ್ರ. ಅದರಲ್ಲೂ ಕೋಸಂಬರಿ, ಕಾಯಿ ಚಟ್ನಿ, ಮಜ್ಜಿಗೆ ಹುಳಿ, ಮೊಸರನ್ನ, ಹಾಲಿನ ಪಾಯಸ ಬಿಟ್ಟುಬಿಡಿ. ಹಸಿ ತೆಂಗಿನಕಾಯಿ, ಹಾಲು ಬಿದ್ದದ್ದು ಮೊದಲು ಕೆಡುತ್ತದೆ. ಲಾಡು, ಮೈಸೂರುಪಾಕು, ಹಪ್ಪಳ ಧಾರಾಳವಾಗಿ ಕೊಡಬಹುದು. ಸಾಂಬಾರನ್ನು ಹೊರಡುವ ಮುಂಚೆ ಮತ್ತೆ ಕುದಿ ಬರಿಸಿ.

ಜಾಗ್ರತೆ ವಹಿಸಬೇಕಾದದ್ದು ಅನ್ನದಲ್ಲಿ. ದೊಡ್ಡ ಕೊಪ್ಪರಿಗೆಯಲ್ಲಿ ರಾಶಿ ಹಾಕಿದ ಅನ್ನ ನಡುವೆ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಅದೇ ಹದ. ಅದು ಬಿಡುವ ವಿಷ ಮತ್ತೆ ಬಿಸಿಮಾಡಿದರೂ ಹೋಗದು, ವಾಸನೆಯಿಂದಲೂ ಗೊತ್ತಾಗದು. ಆಹಾರ 60 ಡಿಗ್ರಿಗಿಂತ ಬಿಸಿಯಾಗಿಯೇ ಇರಬೇಕು. ಒಲೆಯಿಂದ ಇಳಿದು ಎರಡು ಗಂಟೆಯೊಳಗೆ ತಿನ್ನುವವರ ತಟ್ಟೆ ಸೇರುವಂತಿದ್ದರೆ ಕಳಿಸಿ, ಇಲ್ಲದಿದ್ದರೆ ಬೇಡ. ಡಬ್ಬದ ಮೇಲೆ ಏನು, ಎಷ್ಟು ಹೊತ್ತಿಗೆ ಆದದ್ದು ಎಂದು ಟೇಪ್ ಅಂಟಿಸಿ ಬರೆಯಿರಿ.

ಮಧ್ಯಾಹ್ನದ ಮುಹೂರ್ತದ ಊಟವನ್ನು ಹೀಗೆ ಕೊಡಬಹುದು. ಆರತಕ್ಷತೆಯ ರಾತ್ರಿ ಹನ್ನೊಂದಕ್ಕೆ ಉಳಿದದ್ದಕ್ಕೆ ದಾರಿಯಿಲ್ಲ, ತಂಗುದಾಣದಲ್ಲಿ ಎಲ್ಲರೂ ಮಲಗಿರುತ್ತಾರೆ. ಅದಕ್ಕೆ ಉಪಾಯ ಅಡುಗೆ ಭಟ್ಟರ ಬಳಿಯೇ ಇದೆ: ಕೊನೆಯ ಕಂತಿನ ಅಕ್ಕಿಯನ್ನು ಎರಡನೇ ಪಂಕ್ತಿಯ ತಲೆ ಎಣಿಸಿದ ಮೇಲೆ ಒಲೆಗೆ ಹಾಕಿ ಎಂದು ಮೊದಲೇ ಮಾತಾಡಿಕೊಳ್ಳಿ. ಉಳಿದ ಹಸಿ ಅಕ್ಕಿ, ಬೇಳೆ, ತರಕಾರಿಯನ್ನು ಮರುದಿನ ಬೆಳಗ್ಗೆ ಕೊಡಬಹುದು. ತಂಗುದಾಣಕ್ಕೆ ಅದೇ ಹೆಚ್ಚು ಉಪಯೋಗ.

ಪ್ರಶ್ನೆ: ಐಟಿ ಕಂಪನಿಯಲ್ಲಿದ್ದೇನೆ. ಶನಿವಾರ ಮಾತ್ರ ಸಿಗುತ್ತೇನೆ. ನಮ್ಮ ತಂಡದ 40 ಜನರಿಗೂ ಒಂದು ದಿನ ಏನಾದರೂ ಮಾಡುವ ಆಸೆ.
*ಓದುಗರು, ವೈಟ್‌ಫೀಲ್ಡ್*

40 ಜನ ಒಂದೇ ದಿನ ಬಂದರೆ ಅವರಿಗೆ ಬಣ್ಣ, ಬ್ರಷ್, ಊಟ, ಫೋಟೋ ಹೊಂದಿಸುವುದರಲ್ಲೇ ಸಂಸ್ಥೆಯವರ ದಿನ ಹೋಗುತ್ತದೆ. ಅದೇ 40 ಜನ ಶನಿವಾರಕ್ಕೆ ನಾಲ್ವರಂತೆ ಹತ್ತು ವಾರ ಬಂದರೆ ದೊಡ್ಡ ಬಲ. ಈ ಗಂಟೆಗಳಿಗೆ ಬೆಲೆ ಕಟ್ಟಿ ಸಿಎಸ್ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವೆಚ್ಚದಲ್ಲಿ ತೋರಿಸುವಂತಿಲ್ಲ ಎಂಬುದನ್ನೂ ನಿಮ್ಮ ಎಚ್‌ಆರ್‌ಗೆ ತಿಳಿಸಿ.

ಶನಿವಾರ ಬೆಳಗ್ಗೆ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗ ಇರುತ್ತದೆ, ಭಾನುವಾರ ತುರ್ತು ಚಿಕಿತ್ಸೆ ಮಾತ್ರ. ವಿಕ್ಟೋರಿಯಾಗೋ ಬೌರಿಂಗ್‌ಗೋ ಒಬ್ಬ ತಾತನ ಜೊತೆ ಹೋಗಿ. ಚೀಟಿ ಕೌಂಟರ್ ತೆರೆಯುವ ಮುಂಚೆ ಅಲ್ಲಿರಬೇಕು. ಹಳೆಯ ಚೀಟಿಗಳ ಜೊತೆ ಅವರು ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ಪನ್ನೇ ತನ್ನಿ, "ಬಿಳೀದು ಒಂದು, ಕೆಂಪುದು ಒಂದು" ಎಂಬ ವಿವರಣೆಯಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಆಧಾರ್, ಪಡಿತರ ಚೀಟಿ ಮೂಲಪ್ರತಿ ಇರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದನ್ನು ಪಡೆಯದೆ ನೇರ ಖಾಸಗಿಗೆ ಹೋಗಿ ಸಾಲ ಮಾಡಿಕೊಂಡವರು ಬಹಳ. ವೈದ್ಯರು ಹೇಳಿದ್ದನ್ನು ಅಲ್ಲೇ ಮತ್ತೊಮ್ಮೆ ಹೇಳಿ ಸರಿಯೇ ಎಂದು ಕೇಳಿಕೊಳ್ಳಿ. ಹೊರಗೆ ಬಂದು ಪ್ರತಿ ಮಾತ್ರೆ ಸ್ಟ್ರಿಪ್ಪಿನ ಹಿಂದೆ ಮಾರ್ಕರ್‌ನಲ್ಲಿ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡಿ, ಮಾತ್ರೆ ಕೀಳುವಾಗ ಹರಿದುಹೋಗದ ಅಂಚಿನಲ್ಲಿ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಂಬಂಧಿಕರೆಂದು ಸಹಿ ಹಾಕಬೇಡಿ. ಸಂಸ್ಥೆಗೆ ಫೋನ್ ಮಾಡಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ.

ತಮಿಳು, ಉರ್ದು, ತೆಲುಗು ಬರುವವರು ನಿಮ್ಮ ತಂಡದಲ್ಲಿದ್ದರೆ ಮೊದಲೇ ಹೇಳಿ. ಈ ಊರಿನ ಆಸ್ಪತ್ರೆಯ ಸಾಲಿನಲ್ಲಿ ಅವರಿಗೆ ಬಲು ಬೇಡಿಕೆ.

ಹೊರಗೆ ಹೋಗಲಾಗದವರು ಒಂಟಿ ವೃದ್ಧರಿಗೆ ವಾರಕ್ಕೊಮ್ಮೆ ಫೋನ್ ಮಾಡಬಹುದು. ದಿನ, ಹೊತ್ತು ಬದಲಾಗಬಾರದು. "ಊಟ ಆಯ್ತಾ?" ಎಂದರೆ "ಆಯ್ತಪ್ಪಾ" ಎಂದೇ ಹೇಳುತ್ತಾರೆ. "ಬಿಪಿ ಮಾತ್ರೆ ಇನ್ನು ಎಷ್ಟು ದಿನಕ್ಕಿದೆ? ಈ ವಾರ ಎಲ್ಲಾದರೂ ಜಾರಿದ್ರಾ? ಇವತ್ತು ಬೆಳಗ್ಗೆ ಏನು ತಿಂದ್ರಿ?" ಎಂದು ಕೇಳಿ. ಎರಡು ಸಲ ಫೋನ್ ಎತ್ತದಿದ್ದರೆ ಮೊದಲೇ ಬರೆದಿಟ್ಟುಕೊಂಡ ಪಕ್ಕದ ಮನೆಯವರಿಗೆ, ಅವರೂ ಸಿಗದಿದ್ದರೆ 112ಕ್ಕೆ ಕರೆ ಮಾಡಿ.

ಪ್ರಶ್ನೆ: ಮೆಜೆಸ್ಟಿಕ್ ಹತ್ತಿರ ಫುಟ್‌ಪಾತಿನಲ್ಲಿ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಒಬ್ಬರನ್ನು ದಿನಾ ನೋಡುತ್ತೇವೆ. ಆಟೋದಲ್ಲಿ ಕೂರಿಸಿ ಯಾವುದಾದರೂ ಆಶ್ರಮಕ್ಕೆ ಬಿಡಬಹುದೇ?
*ಓದುಗರು, ಚಿಕ್ಕಪೇಟೆ*

ಬೇಡ. ಅವರ ಒಪ್ಪಿಗೆಯಿಲ್ಲದೆ ಎತ್ತಿಕೊಂಡು ಹೋಗುವ ಅಧಿಕಾರ ನಿಮಗಿಲ್ಲ, ಆಶ್ರಮದವರೂ ಪೊಲೀಸ್ ಪತ್ರವಿಲ್ಲದೆ ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 100ನೇ ಸೆಕ್ಷನ್ ಪ್ರಕಾರ ಹೀಗೆ ಅಲೆಯುತ್ತಿರುವವರನ್ನು ರಕ್ಷಿಸಿ ಆರೋಗ್ಯ ಸಂಸ್ಥೆಗೆ ಒಯ್ಯುವುದು ಠಾಣಾಧಿಕಾರಿಯ ಹೊಣೆ. 112ಕ್ಕೆ ಕರೆ ಮಾಡಿ ಈ ಮಾತನ್ನೇ ಹೇಳಿ. ಗಾಯ, ಜ್ವರ ಇದ್ದರೆ 108. ವೃದ್ಧರಾದರೆ ಹಿರಿಯರ ಸಹಾಯವಾಣಿ 14567ಕ್ಕೂ ತಿಳಿಸಿ, ಅದು ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಏನು ಮಾಡಬೇಕೆಂದು ಸಲಹೆ ಬೇಕಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಅವರ ಗಂಟುಮೂಟೆ ಕಸದಂತೆ ಕಂಡರೂ ಮುಟ್ಟಿ ಎಸೆಯಬೇಡಿ, ಗುರುತಿನ ಚೀಟಿ ಅದರಲ್ಲೇ ಇರುವುದುಂಟು.

ಪ್ರಶ್ನೆ: ಸಂಸ್ಥೆ ಸಾಚಾ ಎಂದು ತಿಳಿಯುವುದು ಹೇಗೆ?
*ಹಲವು ಓದುಗರು*

ಎನ್‌ಜಿಒ ದರ್ಪಣ್ ತಾಣದಲ್ಲಿ ಹೆಸರು ಹುಡುಕಿ. ಮಕ್ಕಳ ಪಾಲನಾ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಅಡಿಯ ನೋಂದಣಿ ತೋರಿಸಿ ಎನ್ನಿ. ಇವು ಕಾಗದ. ಇನ್ನುಳಿದದ್ದನ್ನು ಕಣ್ಣಾರೆ ನೋಡಬೇಕು: ಪೂರ್ಣಾವಧಿ ಸಮಾಜ ಕಾರ್ಯಕರ್ತರು ಯಾರು, ದೂರು ರಿಜಿಸ್ಟರ್ ಎಲ್ಲಿದೆ, ಹೇಳದೆ ಹೋದ ದಿನ ಅಡುಗೆಮನೆ ಹೇಗಿದೆ. ಬಂದವರ ಮುಂದೆ ಮಕ್ಕಳನ್ನು ಹಾಡಿಸುವ, ಕಾಲಿಗೆ ಬೀಳಿಸುವ ಕಡೆಗೆ ಹೋಗಬೇಡಿ. ಸ್ವಯಂಸೇವಕರಾಗಲು ನೋಂದಣಿ ಶುಲ್ಕ ಕೇಳಿದರೂ ಬೇಡ. ದೇಣಿಗೆಯನ್ನು ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆದಾಯ ತೆರಿಗೆ ವಿನಾಯಿತಿಗೆ ಬರದು. ಬಟ್ಟೆ, ಅಕ್ಕಿಗೂ ಆ ವಿನಾಯಿತಿ ಇಲ್ಲ.

ಪ್ರಶ್ನೆ: ಹಳೆ ಬಟ್ಟೆ ಕೊಡಬಹುದೇ?
*ಓದುಗರು, ಯಲಹಂಕ*

ಒಗೆದು, ಗುಂಡಿ ಹೊಲಿದು, ನೀವೇ ನೆಂಟರ ಮನೆಗೆ ಉಟ್ಟುಹೋಗುವಂತಿದ್ದರೆ ಕೊಡಿ. ಹೆಚ್ಚಾಗಿ ಸಿಗದಿರುವುದು ಹೊಸ ಒಳಉಡುಪು, ಲುಂಗಿ, ನೈಟಿ, ಸ್ಯಾನಿಟರಿ ಪ್ಯಾಡ್, ವಯಸ್ಕರ ಡೈಪರ್. ಡೈಪರ್ ಕೊಳ್ಳುವ ಮೊದಲು ಸೊಂಟದ ಅಳತೆ ಕೇಳಿ.

ಪ್ರಶ್ನೆ: ನಾನು ನೋಡಿಕೊಳ್ಳುವ ಕುಟುಂಬದವರು ಐದು ಸಾವಿರ ಸಾಲ ಕೇಳಿದ್ದಾರೆ. ಇಲ್ಲ ಎನ್ನಲು ಮನಸ್ಸಿಲ್ಲ.
*ಓದುಗರು, ಹೆಬ್ಬಾಳ*

ನಿಮ್ಮ ಕೈಯಿಂದ ಕೊಡಬೇಡಿ. ಸಾಲ ಕೊಟ್ಟ ಮರುವಾರದಿಂದ ಅವರು ನಿಮ್ಮನ್ನು ಕಂಡರೆ ತಪ್ಪಿಸಿಕೊಳ್ಳಲು ನೋಡುತ್ತಾರೆ, ಅರ್ಧಕ್ಕೆ ಬಂದ ಮಾಸಾಶನದ ಕೆಲಸವೂ ಅಲ್ಲಿಗೇ ನಿಲ್ಲುತ್ತದೆ. "ನನ್ನ ಹತ್ತಿರ ಕೊಡೋ ಹಾಗಿಲ್ಲಮ್ಮ, ಆದರೆ ಯಾಕೆ ಬೇಕಾಯ್ತು ಹೇಳಿ" ಎಂದು ಕೇಳಿ. ಮನೆ ಬಾಡಿಗೆಯೋ, ಶಾಲೆ ಫೀಸೋ, ಮೀಟರ್ ಬಡ್ಡಿಯವನ ಕಾಟವೋ ತಿಳಿದು ಅದೇ ದಿನ ಸಮಾಜ ಕಾರ್ಯಕರ್ತರಿಗೆ ಹೇಳಿ. ತುರ್ತು ನೆರವಿನ ಸಣ್ಣ ನಿಧಿ ಇಟ್ಟುಕೊಂಡಿರುವ ಸಂಸ್ಥೆಗಳಿವೆ. ನೀವು ಕೊಡಬೇಕೆಂದಿದ್ದ ಹಣವನ್ನು ರಸೀದಿ ಪಡೆದು ಆ ನಿಧಿಗೆ ಹಾಕಬಹುದು, ಯಾರು ಕೊಟ್ಟರೆಂದು ಕುಟುಂಬಕ್ಕೆ ಗೊತ್ತಾಗಬೇಕಿಲ್ಲ.